ಒಂದೇ ನಕ್ಷತ್ರಕ್ಕೆ ಎರಡು ಬೆಲೆ: ವೆಬ್ ದೂರದರ್ಶಕದ ಡೇಟಾದಲ್ಲಿ ಕ್ಯಾಲಿಬ್ರೇಶನ್ ಬೆರೆತುಹೋದ ಪ್ರಕರಣ

ಈ ಪ್ರಕರಣದ ತಂಡ, ಅವರ ಸಂಸ್ಥೆ, ಅವರು ಕೆಲಸ ಮಾಡಿದ ಆಕಾಶದ ತುಣುಕು ಯಾವುದನ್ನೂ ಇಲ್ಲಿ ಹೆಸರಿಸಿಲ್ಲ. ತಂಡದ ಅಳತೆಗಳನ್ನು ಗುರುತು ಸಿಗದಂತೆ ದುಂಡಾಗಿಸಿದೆ. ಸಾಫ್ಟ್‌ವೇರ್‌ನ ಹೆಜ್ಜೆಗಳು, ಹೆಡರ್‌ನ (ಫೈಲಿನ ತಲೆಯಲ್ಲಿರುವ ಮಾಹಿತಿಯ) ಕೀವರ್ಡ್‌ಗಳು, ಆಗಿನ ಕ್ಯಾಲಿಬ್ರೇಶನ್ (ಅಳತೆಗೋಲು ಹೊಂದಿಸುವ) ಬದಲಾವಣೆಯ ಕಾಲ ಮಾತ್ರ ಇದ್ದದ್ದು ಇದ್ದ ಹಾಗೆಯೇ ಇವೆ.

ಹಿನ್ನೆಲೆ

2022ರ ಜುಲೈ ಮಧ್ಯದಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಡೇಟಾ ಮಾಸ್ಟ್ ಭಂಡಾರದ ಮೂಲಕ ಎಲ್ಲರಿಗೂ ಸಿಕ್ಕಿತು. ನಾಲ್ವರ ಒಂದು ಸಣ್ಣ ತಂಡ ಅದರಲ್ಲಿ ನಿಯರ್‌ಕ್ಯಾಮ್ ಕ್ಯಾಮೆರಾದ ಚಿತ್ರಗಳನ್ನು ಆರಿಸಿಕೊಂಡಿತು. ವಿಶ್ವದ ಆರಂಭದ ಕಾಲದಲ್ಲೇ ಕೆಂಪಗೆ, ಭಾರವಾಗಿ ಬೆಳೆದುನಿಂತ ಗೆಲಾಕ್ಸಿಗಳು ಎಷ್ಟಿವೆ ಎಂದು ಎಣಿಸುವುದು ಅವರ ಗುರಿ. ಕಿರು ತರಂಗಾಂತರದ ಎಫ್150ಡಬ್ಲ್ಯು ಫಿಲ್ಟರ್‌ನಲ್ಲಿ ಮಂಕು, ದೀರ್ಘ ತರಂಗಾಂತರದ ಎಫ್444ಡಬ್ಲ್ಯುನಲ್ಲಿ ಪ್ರಖರ: ಈ ಎರಡರ ವ್ಯತ್ಯಾಸ 1.5 ಮ್ಯಾಗ್ನಿಟ್ಯೂಡ್ (ಪ್ರಖರತೆಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ದಾಟಿದರೆ ಆ ಗೆಲಾಕ್ಸಿ ಪಟ್ಟಿಗೆ ಸೇರುತ್ತಿತ್ತು.

ನಿಯರ್‌ಕ್ಯಾಮ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಮಾಡ್ಯೂಲ್‌ಗಳು ಅಕ್ಕಪಕ್ಕ ಕೂತಿವೆ. ಒಂದೊಂದೂ ಸುಮಾರು 2.2 ಆರ್ಕ್‌ಮಿನಿಟ್ ಚೌಕವನ್ನು ನೋಡುತ್ತದೆ, ನಡುವೆ ಸುಮಾರು 44 ಆರ್ಕ್‌ಸೆಕೆಂಡ್ ಖಾಲಿ. ಕಿರು ತರಂಗಾಂತರಕ್ಕೆ ಮಾಡ್ಯೂಲಿಗೆ ನಾಲ್ಕು ಡಿಟೆಕ್ಟರ್, ದೀರ್ಘ ತರಂಗಾಂತರಕ್ಕೆ ಒಂದೇ ಒಂದು. ಪ್ರತಿಯೊಂದೂ 2048 × 2048 ಪಿಕ್ಸೆಲ್‌ನದು. ದೀರ್ಘ ತರಂಗಾಂತರದಲ್ಲಿ ಮಾಡ್ಯೂಲಿಗೊಂದೇ ಡಿಟೆಕ್ಟರ್ ಎಂಬ ಮಾತು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಡೇಟಾ ಮೂರು ಹಂತಗಳ ಪೈಪ್‌ಲೈನ್ ಹಾದುಬರುತ್ತದೆ. ಮೊದಲ ಹಂತದಲ್ಲಿ 'ಅನ್‌ಕ್ಯಾಲ್' ಫೈಲಿನ ಕಚ್ಚಾ ಎಣಿಕೆಗಳಿಂದ ಬಯಾಸ್ (ಡಿಟೆಕ್ಟರ್‌ನ ಮೂಲ ಮಟ್ಟ), ಡಾರ್ಕ್ (ಬೆಳಕಿಲ್ಲದೆಯೂ ಬರುವ ಎಣಿಕೆ) ಕಳೆದು, ಡಿಟೆಕ್ಟರ್‌ನ ವಕ್ರ ಪ್ರತಿಕ್ರಿಯೆಯನ್ನು ನೇರಮಾಡಿ (ಲೀನಿಯಾರಿಟಿ), ಕಾಸ್ಮಿಕ್ ಕಿರಣ ಬಡಿದ ಕಡೆ ಗುರುತು ಹಾಕಿ, ಪ್ರತಿ ಪಿಕ್ಸೆಲ್‌ಗೆ ಸೆಕೆಂಡಿಗೆ ಇಷ್ಟು ಎಣಿಕೆ ಎಂಬ 'ರೇಟ್' ಫೈಲ್ ತೆಗೆಯುತ್ತಾರೆ. ಎರಡನೇ ಹಂತದಲ್ಲಿ ಫ್ಲ್ಯಾಟ್‌ನಿಂದ (ಪಿಕ್ಸೆಲ್‌ಗಳ ಚುರುಕಿನ ಏರುಪೇರಿನ ನಕ್ಷೆ) ಭಾಗಿಸಿ, 'ಫೋಟಾಮ್' ಎಂಬ ಹೆಜ್ಜೆಯಲ್ಲಿ ಆ ಎಣಿಕೆಯನ್ನು ಮೆಗಾಜಾನ್‌ಸ್ಕಿ ಪ್ರತಿ ಸ್ಟೆರೇಡಿಯನ್ ಎಂಬ ನಿಜವಾದ ಬೆಳಕಿನ ಅಳತೆಗೆ ತಿರುಗಿಸಿ 'ಕ್ಯಾಲ್' ಫೈಲ್ ಮಾಡುತ್ತಾರೆ. ಮೂರನೆಯದರಲ್ಲಿ ಹಲವು ಕ್ಯಾಲ್ ಫೈಲ್‌ಗಳನ್ನು ಹೊಂದಿಸಿ ಒಂದು ದೊಡ್ಡ ಮೊಸಾಯಿಕ್ ಹೊಲಿಯುತ್ತಾರೆ.

ಫೋಟಾಮ್ ಹೆಜ್ಜೆ ನೋಡಲು ತೀರ ಸರಳ. ಪ್ರತಿ ಡಿಟೆಕ್ಟರ್-ಫಿಲ್ಟರ್ ಜೋಡಿಗೆ ಒಂದು ಸಂಖ್ಯೆ, ಅದರಿಂದ ಇಡೀ ಚಿತ್ರವನ್ನು ಗುಣಿಸುವುದು, ಅಷ್ಟೇ. ಹೆಡರ್‌ನಲ್ಲಿ ಆ ಸಂಖ್ಯೆಯ ಹೆಸರು ಫೋಟ್‌ಎಂಜೆಎಸ್‌ಆರ್. ಅದನ್ನು ಯಾವ ಫೈಲ್‌ನಿಂದ ಓದಬೇಕು ಎನ್ನುವುದನ್ನು ಸಿಆರ್‌ಡಿಎಸ್ ಎಂಬ ವ್ಯವಸ್ಥೆ ನಿರ್ಧರಿಸುತ್ತದೆ. ಆ ಹೊತ್ತಿಗೆ ಚಾಲ್ತಿಯಲ್ಲಿರುವ ಎಲ್ಲ ಉಲ್ಲೇಖ ಫೈಲ್‌ಗಳ ಒಂದು ಕಟ್ಟಿಗೆ 'ಕಾಂಟೆಕ್ಸ್ಟ್' ಎನ್ನುತ್ತಾರೆ, ಜೆಡಬ್ಲ್ಯುಎಸ್‌ಟಿ_0942.ಪಿಮ್ಯಾಪ್ ಎಂಬಂಥ ಹೆಸರು ಅದಕ್ಕೆ.

ಉಡಾವಣೆಗೆ ಮುಂಚೆ ಆ ಸಂಖ್ಯೆಗಳು ನೆಲದ ಮೇಲಿನ ಪರೀಕ್ಷೆ ಮತ್ತು ಲೆಕ್ಕಾಚಾರದಿಂದ ಬಂದ ಅಂದಾಜುಗಳಾಗಿದ್ದವು. ಕಕ್ಷೆ ಸೇರಿದ ಮೇಲೆ, ಪ್ರಖರತೆ ಚೆನ್ನಾಗಿ ಗೊತ್ತಿರುವ ಪ್ರಮಾಣಕ ನಕ್ಷತ್ರಗಳನ್ನು ನೋಡಿ ಅವನ್ನು ತಿದ್ದಬೇಕು. ಇದು ಎಲ್ಲ ದೂರದರ್ಶಕಗಳ ಪಾಡು. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಯುವಿಐಟಿ ಕೂಡ ಎಚ್‌ಝಡ್4 ಎಂಬ ಶ್ವೇತಕುಬ್ಜವನ್ನು ನೋಡಿಯೇ ತನ್ನ ಅಳತೆಗೋಲು ಹೊಂದಿಸಿಕೊಂಡದ್ದು. ವೆಬ್ ವಿಷಯದಲ್ಲಿ, ಕಕ್ಷೆಯಲ್ಲಿ ಅಳೆದ ಮೌಲ್ಯಗಳಿದ್ದ 0942 ಕಾಂಟೆಕ್ಸ್ಟ್ 2022ರ ಜುಲೈ ಕೊನೆಗೆ ಬಂತು. ದೂರದರ್ಶಕ ಎಣಿಸಿದ್ದಕ್ಕಿಂತ ಚುರುಕಾಗಿತ್ತು. ಅಂದರೆ ಅದೇ ಬೆಳಕಿಗೆ ಹೆಚ್ಚು ಎಣಿಕೆ ಬರುತ್ತಿತ್ತು. ಹಳೆಯ ಸಂಖ್ಯೆಯಿಂದ ಗುಣಿಸಿದರೆ, ಮುಖ್ಯವಾಗಿ ದೀರ್ಘ ತರಂಗಾಂತರದಲ್ಲಿ, ಎಲ್ಲವೂ ಇರುವುದಕ್ಕಿಂತ ಪ್ರಖರವಾಗಿ ಕಾಣುತ್ತಿತ್ತು.

ಎಡವಟ್ಟು ಎಲ್ಲಿ ಶುರುವಾಯಿತು

ತಂಡ ಕೆಲಸ ಹಂಚಿಕೊಂಡ ರೀತಿ ತೀರ ಸಹಜವಾದದ್ದು. ಒಬ್ಬರು ಮಾಡ್ಯೂಲ್ ಎ ಫೈಲ್‌ಗಳನ್ನು, ಇನ್ನೊಬ್ಬರು ಮಾಡ್ಯೂಲ್ ಬಿ ಫೈಲ್‌ಗಳನ್ನು ಇಳಿಸಿಕೊಳ್ಳುವುದು. ಎ ಪಾಲಿನ ಕ್ಯಾಲ್ ಫೈಲ್‌ಗಳು ಜುಲೈ ಮೂರನೇ ವಾರದಲ್ಲೇ ಬಂದವು. ಬಿ ಪಾಲು ಇಳಿಯುತ್ತಿದ್ದಾಗ ಡಿಸ್ಕ್ ತುಂಬಿ ಅರ್ಧಕ್ಕೇ ನಿಂತಿತು. ಹೊಸ ಡಿಸ್ಕ್ ಬಂದ ಮೇಲೆ, ಆಗಸ್ಟ್‌ನಲ್ಲಿ, ಅದನ್ನು ಮೊದಲಿಂದ ಇಳಿಸಿದರು. ಆ ನಡುವೆ ಭಂಡಾರ ಅವೇ ಡೇಟಾವನ್ನು ಹೊಸ ಕಾಂಟೆಕ್ಸ್ಟ್‌ನಲ್ಲಿ ಮರುಸಂಸ್ಕರಿಸಿತ್ತು.

ಫೈಲ್ ಹೆಸರಿನಲ್ಲಿ ಕಾರ್ಯಕ್ರಮದ ಸಂಖ್ಯೆ, ವೀಕ್ಷಣೆ, ಎಕ್ಸ್‌ಪೋಶರ್, ಡಿಟೆಕ್ಟರ್ ಎಲ್ಲ ಇರುತ್ತವೆ. ಯಾವ ಕಾಂಟೆಕ್ಸ್ಟ್‌ನಲ್ಲಿ ಸಂಸ್ಕರಿಸಿದ್ದು ಎನ್ನುವುದು ಮಾತ್ರ ಇರುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಅದೇ ಹೆಸರು. ಎರಡೂ ಒಂದೇ ಫೋಲ್ಡರಿಗೆ ಬಂದು ಕೂತವು. ಒಂದೇ ಮೂಟೆಯ ಅಕ್ಕಿಯನ್ನು ಅರ್ಧ ಹಳೆಯ ತೂಕದ ಕಲ್ಲಿನಲ್ಲಿ, ಅರ್ಧ ಹೊಸದರಲ್ಲಿ ತೂಗಿದ ಹಾಗಾಯಿತು.

ಮೊದಲ ಲಕ್ಷಣ ಚಿತ್ರದಲ್ಲಿ ಕಾಣಲಿಲ್ಲ, ಪಟ್ಟಿಯಲ್ಲಿ ಕಂಡಿತು. ಕೆಂಪು ಗೆಲಾಕ್ಸಿಗಳಲ್ಲಿ ಬಹುಪಾಲು ಮಾಡ್ಯೂಲ್ ಎ ಕಡೆಯವು. ನೋಡಿದ ವಿಸ್ತೀರ್ಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಮೊದಲ ಸಭೆಯಲ್ಲಿ ಕೊಟ್ಟ ವಿವರಣೆ: ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಗೆಲಾಕ್ಸಿಗಳು ಒಂದು ಕಡೆ ಗುಂಪಾಗಿರುವುದು ಅಪರೂಪವಲ್ಲ. ತಪ್ಪು ವಿವರಣೆಯೇನಲ್ಲ. ಅದಕ್ಕೇ ಅಪಾಯಕಾರಿಯಾದದ್ದು, ಮೂರು ವಾರ ಯಾರೂ ಮುಂದಿನ ಪ್ರಶ್ನೆ ಕೇಳಲಿಲ್ಲ.

ಎರಡನೇ ಲಕ್ಷಣ ಎಫ್444ಡಬ್ಲ್ಯು ಮೊಸಾಯಿಕ್‌ನಲ್ಲಿ. ಎ ಭಾಗದ ಹಿನ್ನೆಲೆ ಆಕಾಶ ಬಿ ಭಾಗಕ್ಕಿಂತ ತುಸು ಬೆಳ್ಳಗೆ, ನಡುವೆ ನೇರವಾದ ಮೆಟ್ಟಿಲು. ಇದಕ್ಕೂ ಉತ್ತರ ಸಿದ್ಧವಿತ್ತು: ಎರಡು ಮಾಡ್ಯೂಲ್‌ಗಳ ದೃಗ್ವಿಜ್ಞಾನ ಬೇರೆ, ಡಿಟೆಕ್ಟರ್ ಬೇರೆ, ವ್ಯತ್ಯಾಸ ಇದ್ದೇ ಇರುತ್ತದೆ. ಇದೂ ಅರ್ಧ ಸತ್ಯ.

ಮಾಡಿನೋಡಿದ್ದು

ಮೆಟ್ಟಿಲು ಕಂಡಾಗ ಕೈ ಮೊದಲು ಹೋದದ್ದು 'ಸ್ಕೈಮ್ಯಾಚ್' ಹೆಜ್ಜೆಗೆ. ಒಂದರ ಮೇಲೊಂದು ಬೀಳುವ ಚಿತ್ರಗಳ ಹಿನ್ನೆಲೆಯನ್ನು ಹೋಲಿಸಿ, ಹೆಚ್ಚಿದ್ದಲ್ಲಿ ಕಳೆದು ಮಟ್ಟಮಾಡುವುದು ಅದರ ಕೆಲಸ. ಕಳೆಯುವ ಆಯ್ಕೆ ಆನ್ ಮಾಡಿ ಓಡಿಸಿದಾಗ ಮೆಟ್ಟಿಲು ಮಾಯ. ಮೊಸಾಯಿಕ್ ಕಣ್ಣಿಗೆ ಹಿತವಾಯಿತು.

ಈ ಪ್ರಕರಣದಲ್ಲಿ ಅತಿ ದುಬಾರಿ ಬಿದ್ದ ಹೆಜ್ಜೆ ಇದೇ. ದೋಷ ಗುಣಾಕಾರದ್ದು. ಆಕಾಶ, ನಕ್ಷತ್ರ, ಗೆಲಾಕ್ಸಿ ಎಲ್ಲವೂ ಒಂದೇ ಪಾಲಿನಲ್ಲಿ ಉಬ್ಬಿದ್ದವು. ಕೊಟ್ಟ ಮದ್ದು ವ್ಯವಕಲನದ್ದು. ಆಕಾಶದ ಉಬ್ಬು ಕಳೆದುಹೋಯಿತು, ಗೆಲಾಕ್ಸಿಗಳ ಉಬ್ಬು ಇದ್ದಲ್ಲೇ ಉಳಿಯಿತು. ಮೇಲಾಗಿ, ದೋಷ ಇದೆ ಎಂದು ಕೂಗಿ ಹೇಳುತ್ತಿದ್ದ ಒಂದೇ ಒಂದು ಸಾಕ್ಷಿಯನ್ನು ತಾವೇ ಒರೆಸಿಹಾಕಿದಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯಲ್ಲಾದರೂ ಎತ್ತಿನ ಜ್ವರ ಹಾಗೇ ಕಾಣುತ್ತಿರುತ್ತದೆ. ಇಲ್ಲಿ ಅದೂ ಮರೆಯಾಯಿತು.

ಆಮೇಲೆ ಸ್ವಂತ ಫ್ಲ್ಯಾಟ್ ಕಟ್ಟಿದರು. ಎಲ್ಲ ಎಕ್ಸ್‌ಪೋಶರ್‌ಗಳಲ್ಲಿ ಆಕಾಶಕಾಯಗಳನ್ನು ಮುಚ್ಚಿ, ಉಳಿದ ಹಿನ್ನೆಲೆಯ ಮಧ್ಯಮ ಬೆಲೆ ತೆಗೆಯುವ ವಿಧಾನ. ಕೆಲವು ಸಣ್ಣ ಕಲೆಗಳು ಹೋದವು. ಆದರೆ ಪ್ರತಿ ಡಿಟೆಕ್ಟರ್‌ನ ಫ್ಲ್ಯಾಟನ್ನು ಅದರದೇ ಸರಾಸರಿಯಿಂದ ಭಾಗಿಸಿ 1ಕ್ಕೆ ತಂದಿದ್ದರಿಂದ, ಎರಡು ಡಿಟೆಕ್ಟರ್‌ಗಳ ನಡುವಿನ ಅಂತರ ಮುಟ್ಟಲು ಅದಕ್ಕೆ ಸಾಧ್ಯವೇ ಇರಲಿಲ್ಲ. ಚದುರಿದ ಬೆಳಕಿನ 'ವಿಸ್ಪ್' ಕಳೆಯಲೂ ನೋಡಿದರು. ವಿಸ್ಪ್ ಕಾಡುವುದು ಕಿರು ತರಂಗಾಂತರದ ಕೆಲವು ಡಿಟೆಕ್ಟರ್‌ಗಳನ್ನು, ಎಫ್444ಡಬ್ಲ್ಯುಗೆ ಅದು ಸಂಬಂಧವೇ ಇಲ್ಲ. ಎರಡು ದಿನ ವ್ಯರ್ಥ.

ಮೂರನೆಯದು ಹೆಚ್ಚು ಜಾಣತನದ್ದು, ಹಾಗಾಗಿ ಹೆಚ್ಚು ದಾರಿ ತಪ್ಪಿಸಿತು. ಗೆಲಾಕ್ಸಿಯ ಬಣ್ಣಗಳಿಂದ ದೂರ ಅಂದಾಜಿಸುವ ಪ್ರೋಗ್ರಾಂಗಳಲ್ಲಿ, ಮಾದರಿಗಳಿಗೆ ಹೋಲಿಸಿ ಪ್ರತಿ ಫಿಲ್ಟರ್‌ಗೆ ಒಂದು ತಿದ್ದುಪಡಿ ಕಂಡುಕೊಳ್ಳುವ ಸೌಲಭ್ಯ ಇರುತ್ತದೆ. ಅದು ಎಫ್444ಡಬ್ಲ್ಯುಗೆ ಸುಮಾರು 0.09 ಮ್ಯಾಗ್ನಿಟ್ಯೂಡ್ ಎಂದಿತು. ನಿಜವಾದ ದೋಷ ಎ ಕಡೆ 0.18, ಬಿ ಕಡೆ ಸೊನ್ನೆ. ಪ್ರೋಗ್ರಾಂಗೆ ಮಾಡ್ಯೂಲ್ ಎಂಬುದು ಗೊತ್ತಿಲ್ಲ, ಫಿಲ್ಟರ್ ಮಾತ್ರ ಗೊತ್ತು. ಆದ್ದರಿಂದ ಎರಡರ ಸರಾಸರಿ ಹೇಳಿತು. ಆ ತಿದ್ದುಪಡಿ ಹಾಕಿದ ಮೇಲೆ ಎ ಅರ್ಧ ಸರಿಯಾಯಿತು, ಅಲ್ಲಿಯವರೆಗೆ ಸರಿಯಾಗಿದ್ದ ಬಿ ಅಷ್ಟೇ ಕೆಟ್ಟಿತು. ಶೇಷದ (ಅಳತೆಗೂ ಮಾದರಿಗೂ ಉಳಿದ ಅಂತರದ) ಹಂಚಿಕೆಯಲ್ಲಿ ಎರಡು ಗುಡ್ಡಗಳು ಎದ್ದು ಕಾಣುತ್ತಿದ್ದವು. ಆದರೆ ವರದಿಗೆ ಹಾಕಿದ್ದು ಸರಾಸರಿಯನ್ನು ಮಾತ್ರ.

ಈ ಹಂತದಲ್ಲಿ ತಂಡದೊಳಗೆ ನಡೆದ ಒಂದು ವಾದ ಇಲ್ಲಿ ದಾಖಲಿಸಬೇಕಾದದ್ದು, ಏಕೆಂದರೆ ಈ ಗೊಂದಲ ಎಷ್ಟೋ ಕಡೆ ಕಾಣುತ್ತದೆ. ಒಬ್ಬರ ಪ್ರಕಾರ ಶೂನ್ಯಾಂಕ (ಚಿತ್ರದ ಒಂದು ಮಾನ ಎಷ್ಟು ಮ್ಯಾಗ್ನಿಟ್ಯೂಡ್ ಎಂಬ ಸಂಖ್ಯೆ) ತಪ್ಪಿರಲು ಸಾಧ್ಯವೇ ಇಲ್ಲ. 0.03 ಆರ್ಕ್‌ಸೆಕೆಂಡ್ ಪಿಕ್ಸೆಲ್‌ನ ಮೊಸಾಯಿಕ್‌ಗೆ ಎಬಿ ಎಂಬ ಮ್ಯಾಗ್ನಿಟ್ಯೂಡ್ ಪದ್ಧತಿಯ ಶೂನ್ಯಾಂಕ 28.0865, ಎಲ್ಲ ಫಿಲ್ಟರ್‌ಗೂ ಅದೇ. ಲೆಕ್ಕ ಸರಿ. ಪಿಕ್ಸೆಲ್‌ನ ವಿಸ್ತೀರ್ಣ 0.0009 ಚದರ ಆರ್ಕ್‌ಸೆಕೆಂಡ್, ಅದು 2.115 × 10⁻¹⁴ ಸ್ಟೆರೇಡಿಯನ್. ಪಿಕ್ಸೆಲ್‌ನಲ್ಲಿ 1 ಮೆಗಾಜಾನ್‌ಸ್ಕಿ ಪ್ರತಿ ಸ್ಟೆರೇಡಿಯನ್ ಇದ್ದರೆ 21.15 ನ್ಯಾನೋಜಾನ್‌ಸ್ಕಿ, ಅದನ್ನು ಮ್ಯಾಗ್ನಿಟ್ಯೂಡಿಗೆ ತಿರುಗಿಸಿದರೆ 28.0865. ಆದರೆ ಇದು ಬರೀ ಜ್ಯಾಮಿತಿ. ಪಿಕ್ಸೆಲ್ ಎಷ್ಟು ಅಗಲ ಎನ್ನುವುದನ್ನಷ್ಟೇ ಹೇಳುತ್ತದೆ. ಸೆಕೆಂಡಿಗೆ ಒಂದು ಎಣಿಕೆ ಎಂದರೆ ಎಷ್ಟು ಬೆಳಕು ಎಂಬ ಅಸಲು ಕ್ಯಾಲಿಬ್ರೇಶನ್ ಅದಕ್ಕಿಂತ ಮುಂಚೆಯೇ, ಫೋಟ್‌ಎಂಜೆಎಸ್‌ಆರ್‌ನಿಂದ ಗುಣಿಸಿದಾಗಲೇ, ಮುಗಿದಿರುತ್ತದೆ. ಅಲ್ಲಿ ತಪ್ಪಿದ್ದರೆ 28.0865 ಏನನ್ನೂ ಕಾಪಾಡುವುದಿಲ್ಲ.

ತಿರುವು: ನಡು ತೂತಾದ ನಕ್ಷತ್ರಗಳು

ಸುಳಿವು ಸಿಕ್ಕಿದ್ದು ಬೇರೆ ಯಾವುದೋ ಕೆಲಸದಲ್ಲಿ. ಪಾಯಿಂಟ್ ಸ್ಪ್ರೆಡ್ ಫಂಕ್ಷನ್ (ಬಿಂದುವಿನಂಥ ನಕ್ಷತ್ರ ಚಿತ್ರದಲ್ಲಿ ಹರಡುವ ರೂಪ) ಕಟ್ಟಲು ಒಳ್ಳೆಯ ನಕ್ಷತ್ರಗಳನ್ನು ಹೆಕ್ಕುತ್ತಿದ್ದವರಿಗೆ, ಕೆಲವು ಪ್ರಖರ ನಕ್ಷತ್ರಗಳ ನಡುಭಾಗದಲ್ಲಿ ಕೆಲವು ಎಕ್ಸ್‌ಪೋಶರ್‌ಗಳ ಪಿಕ್ಸೆಲ್‌ಗಳೇ ಮೊಸಾಯಿಕ್‌ಗೆ ಸೇರಿಲ್ಲ ಎಂದು ತೂಕದ ನಕ್ಷೆಯಲ್ಲಿ ಕಂಡಿತು. ಸ್ಯಾಚುರೇಶನ್ (ಪಿಕ್ಸೆಲ್ ಬೆಳಕಿನಿಂದ ತುಂಬಿಹೋಗುವುದು) ಇರಬೇಕು ಎಂದು ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಆ ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿದಾಗ, ಎಲ್ಲವೂ ಒಂದು ಪಾಯಿಂಟಿಂಗ್‌ನ (ದೂರದರ್ಶಕವನ್ನು ಒಂದು ಕಡೆ ತಿರುಗಿಸಿ ನಿಲ್ಲಿಸಿದ ಸ್ಥಿತಿಯ) ಎ ಮಾಡ್ಯೂಲ್ ಮತ್ತು ಪಕ್ಕದ ಪಾಯಿಂಟಿಂಗ್‌ನ ಬಿ ಮಾಡ್ಯೂಲ್ ಒಂದರ ಮೇಲೊಂದು ಬೀಳುವ ಕಿರಿದಾದ ಪಟ್ಟಿಯಲ್ಲೇ ಇದ್ದವು. ಅಷ್ಟೇ ಪ್ರಖರವಾದ ನಕ್ಷತ್ರಗಳು ಬೇರೆ ಕಡೆ ಆರೋಗ್ಯವಾಗಿದ್ದವು. ಸ್ಯಾಚುರೇಶನ್ ಜಾಗ ನೋಡಿ ಬರುವುದಿಲ್ಲ.

ಪ್ರತಿ ಪಿಕ್ಸೆಲ್‌ನ ತೊಂದರೆಯನ್ನು ಸಂಖ್ಯೆಯಲ್ಲಿ ಗುರುತಿಸಿಡುವ ಡೇಟಾ ಗುಣಮಟ್ಟದ ಪದರ ತೆರೆದು ನೋಡಿದರು. ಸ್ಯಾಚುರೇಶನ್‌ನ ಬಿಟ್ 2. ಅಲ್ಲಿದ್ದದ್ದು 17, ಕೆಲವೆಡೆ 21. 17 ಎಂದರೆ 16 + 1, 'ಹೊರಬಿದ್ದದ್ದು' ಮತ್ತು 'ಬಳಸಬೇಡ'. 21ರಲ್ಲಿ ಅದಕ್ಕೆ 4 ಸೇರಿದೆ, ಕಾಸ್ಮಿಕ್ ಕಿರಣದ ಜಿಗಿತ. ಅಂದರೆ ಮೂರನೇ ಹಂತದ 'ಔಟ್‌ಲೈಯರ್ ಡಿಟೆಕ್ಷನ್' ಹೆಜ್ಜೆ ಈ ಪಿಕ್ಸೆಲ್‌ಗಳನ್ನು ಕಿತ್ತುಹಾಕಿತ್ತು. ಆ ಹೆಜ್ಜೆ ಒಂದೇ ಜಾಗದ ಹಲವು ಎಕ್ಸ್‌ಪೋಶರ್‌ಗಳ ಮಧ್ಯಮ ಬೆಲೆ ತೆಗೆದು, ಅದರಿಂದ ತೀರ ದೂರ ಇರುವುದನ್ನು ಕಾಸ್ಮಿಕ್ ಕಿರಣ ಎಂದು ಬಗೆದು ತೆಗೆಯುತ್ತದೆ. ನಕ್ಷತ್ರದ ನಡುವಿನಲ್ಲಿ ಸಂಕೇತ ಬಲವಾಗಿರುವುದರಿಂದ ಸಣ್ಣ ಪಾಲಿನ ವ್ಯತ್ಯಾಸವೂ ನಾಯ್ಸ್‌ನ ಹಲವು ಪಟ್ಟು ಆಗುತ್ತದೆ. ಅದೇ ನಕ್ಷತ್ರವನ್ನು ಎ ಮತ್ತು ಬಿ ಬೇರೆ ಬೇರೆ ಪ್ರಖರತೆಯಲ್ಲಿ ಹೇಳುತ್ತಿದ್ದರೆ ಹೀಗಾಗುತ್ತದೆ.

ಈಗ ಪ್ರಶ್ನೆ ಖಚಿತವಾಯಿತು: ವ್ಯತ್ಯಾಸ ಕೂಡಿದ್ದೋ, ಗುಣಿಸಿದ್ದೋ? ಇದಕ್ಕೆ ಮೊಸಾಯಿಕ್ ಬಿಟ್ಟು ನೇರ ಕ್ಯಾಲ್ ಫೈಲ್‌ಗಳಿಗೆ ಹೋದರು. ಆ ಕಿರಿದಾದ ಪಟ್ಟಿಯಲ್ಲಿನ ನಕ್ಷತ್ರಗಳನ್ನು 0.3 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತದಲ್ಲಿ ಎ ಮತ್ತು ಬಿ ಎರಡರಲ್ಲೂ ಅಳೆದರು. ಕ್ಯಾಲ್ ಫೈಲ್‌ನಲ್ಲಿ ಪಿಕ್ಸೆಲ್‌ಗಳ ವಿಸ್ತೀರ್ಣ ಚಿತ್ರದ ಉದ್ದಗಲಕ್ಕೂ ಒಂದೇ ಇರುವುದಿಲ್ಲವಾದ್ದರಿಂದ, 'ಏರಿಯಾ' ಪದರದಿಂದ ಗುಣಿಸಿಯೇ ಅಳೆಯಬೇಕು. ನಂತರ ಅಡ್ಡಕ್ಕೆ ಮ್ಯಾಗ್ನಿಟ್ಯೂಡ್, ಮೇಲಕ್ಕೆ ಎರಡರ ವ್ಯತ್ಯಾಸ ಇಟ್ಟು ಚಿತ್ರ ಬಿಡಿಸಿದರು.

ಹಿನ್ನೆಲೆಯ ದೋಷವಾಗಿದ್ದರೆ ಹೇಗಿರುತ್ತಿತ್ತು ಎಂದು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಆಕಾಶದಲ್ಲಿ 0.01 ಮೆಗಾಜಾನ್‌ಸ್ಕಿ ಪ್ರತಿ ಸ್ಟೆರೇಡಿಯನ್‌ನಷ್ಟು ತಪ್ಪು ಉಳಿದಿದ್ದರೆ, ಆ ವೃತ್ತದೊಳಗೆ ಸುಮಾರು 66 ನ್ಯಾನೋಜಾನ್‌ಸ್ಕಿ ಸೇರುತ್ತದೆ. 22ನೇ ಮ್ಯಾಗ್ನಿಟ್ಯೂಡಿನ ನಕ್ಷತ್ರಕ್ಕೆ ಅದು ಶೇ. 1ರ ಆಸುಪಾಸು, ಗೊತ್ತೇ ಆಗುವುದಿಲ್ಲ. 26ನೇ ಮ್ಯಾಗ್ನಿಟ್ಯೂಡಿನದಕ್ಕೆ 0.4 ಮ್ಯಾಗ್ನಿಟ್ಯೂಡ್. ಅಂದರೆ ಬಿಂದುಗಳು ಮಂಕು ತುದಿಯಲ್ಲಿ ಕೊಂಬಿನಂತೆ ಬಾಗಬೇಕು. ಬಂದದ್ದು ಬಾಗದ ಗೆರೆ. ಪ್ರಖರ ತುದಿಯಿಂದ ಮಂಕು ತುದಿಯವರೆಗೆ 0.18, ಮಂಕಾದಂತೆ ಚೆದುರು ಮಾತ್ರ ಹೆಚ್ಚಿತ್ತು. 0.18 ಮ್ಯಾಗ್ನಿಟ್ಯೂಡ್ ಎಂದರೆ 1.18 ಪಟ್ಟು. ಇಂಥ ಗೆರೆಯನ್ನು ಒಂದೇ ಒಂದು ಗುಣಕ ಮಾತ್ರ ಎಳೆಯಬಲ್ಲದು.

ಅಲ್ಲಿಂದ ಹೆಡರ್‌ಗೆ ಹತ್ತು ನಿಮಿಷದ ದಾರಿ. ಎಲ್ಲ ಫೈಲ್‌ಗಳಿಂದ ನಾಲ್ಕು ವಿಷಯ ಓದುವ ಚಿಕ್ಕ ಸ್ಕ್ರಿಪ್ಟ್ ಬರೆದರು: ಸಿಆರ್‌ಡಿಎಸ್_ಸಿಟಿಎಕ್ಸ್, ಪೈಪ್‌ಲೈನ್ ಆವೃತ್ತಿ ಹೇಳುವ ಕ್ಯಾಲ್_ವಿಇಆರ್, ಯಾವ ಫೋಟಾಮ್ ಫೈಲ್ ಎಂದು ಹೇಳುವ ಆರ್_ಫೋಟಾಮ್, ಮತ್ತು ಫೋಟ್‌ಎಂಜೆಎಸ್‌ಆರ್. ಮೊದಲ ಮೂರು ಫೈಲ್‌ನ ಪ್ರಾಥಮಿಕ ಹೆಡರ್‌ನಲ್ಲಿರುತ್ತವೆ, ನಾಲ್ಕನೆಯದು ವಿಜ್ಞಾನದ ಪದರದ ಹೆಡರ್‌ನಲ್ಲಿ. ಅದು ಗೊತ್ತಿಲ್ಲದೆ ಮೊದಲ ಸಲ ಸ್ಕ್ರಿಪ್ಟ್ 'ಕೀ ಸಿಗಲಿಲ್ಲ' ಎಂದು ಬಿದ್ದಿತು. ತಿದ್ದಿ ಓಡಿಸಿದಾಗ ಫೈಲ್‌ಗಳ ಪಟ್ಟಿ ಎರಡು ಹೋಳು. ಎ ಫೈಲ್‌ಗಳೆಲ್ಲ 0942ಕ್ಕಿಂತ ಹಳೆಯ ಕಾಂಟೆಕ್ಸ್ಟ್, ಬಿ ಫೈಲ್‌ಗಳೆಲ್ಲ 0942. ಕಿರು ತರಂಗಾಂತರದಲ್ಲೂ ಇದೇ ಬೆರಕೆ ಇತ್ತು. ಆದರೆ ಅಲ್ಲಿ ನಾಲ್ಕು ಡಿಟೆಕ್ಟರ್‌ಗಳಿಗೆ ನಾಲ್ಕು ಬಗೆಯ ಅಂತರ ಬಂದು, ಸ್ಪಷ್ಟ ಮೆಟ್ಟಿಲಾಗದೆ ಚೌಕಳಿಯಂತೆ ಕಂಡಿತ್ತು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಗುಣಿಸುವುದೋ, ಮೊದಲಿಂದ ಓಡಿಸುವುದೋ

ಸುಲಭದ ದಾರಿ ಕಣ್ಣೆದುರೇ ಇತ್ತು: ಎ ಫೈಲ್‌ಗಳನ್ನು ಹೊಸ-ಹಳೆಯ ಫೋಟ್‌ಎಂಜೆಎಸ್‌ಆರ್‌ಗಳ ಅನುಪಾತದಿಂದ ಗುಣಿಸಿಬಿಡುವುದು. ಒಬ್ಬರು ಅದನ್ನು ಬರೆದೂ ಬರೆದರು. ಚಿತ್ರದ ಪದರವನ್ನು ಗುಣಿಸಿದರು, ದೋಷದ ಪದರ ಮರೆತರು. ದೋಷವನ್ನು ಅದೇ ಅನುಪಾತದಿಂದ, ಮೂರು ವೇರಿಯನ್ಸ್ (ದೋಷದ ವರ್ಗ) ಪದರಗಳನ್ನು ಅನುಪಾತದ ವರ್ಗದಿಂದ ಗುಣಿಸಬೇಕು. ಇಲ್ಲದಿದ್ದರೆ ಸಂಕೇತ-ನಾಯ್ಸ್ ಅನುಪಾತ ಸುಳ್ಳಾಗುತ್ತದೆ. ಅದನ್ನು ಸರಿಪಡಿಸಿದರೂ ಇನ್ನೊಂದು ತೊಡಕು ಉಳಿಯಿತು. ಎರಡು ಕಾಂಟೆಕ್ಸ್ಟ್‌ಗಳ ನಡುವೆ ಬದಲಾದದ್ದು ಫೋಟಾಮ್ ಒಂದೇ ಎಂದು ಯಾರೂ ಖಾತರಿ ಕೊಡುವಂತಿರಲಿಲ್ಲ. ಫ್ಲ್ಯಾಟ್ ಬದಲಾಗಿದ್ದರೆ ಅನುಪಾತ ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಬೇರೆ. ಡಾರ್ಕ್ ಅಥವಾ ಲೀನಿಯಾರಿಟಿ ಬದಲಾಗಿದ್ದರೆ ಕ್ಯಾಲ್ ಫೈಲ್‌ನ ಮೇಲೆ ಕೂತು ಅದನ್ನು ಸರಿಮಾಡುವ ದಾರಿಯೇ ಇಲ್ಲ.

ಹಾಗಾಗಿ ಎಲ್ಲವನ್ನೂ ಅನ್‌ಕ್ಯಾಲ್‌ನಿಂದ ಓಡಿಸಲು ತೀರ್ಮಾನಿಸಿದರು. ಇದು ಸರಿಯಾದ ತೀರ್ಮಾನ, ಅಂದುಕೊಂಡಷ್ಟು ದುಬಾರಿಯೂ ಅಲ್ಲ. ಕಚ್ಚಾ ಡೇಟಾ ಪಿಕ್ಸೆಲ್‌ಗೆ 2 ಬೈಟ್. ಹತ್ತು ಗ್ರೂಪ್‌ಗಳ (ಡಿಟೆಕ್ಟರನ್ನು ಹತ್ತು ಸಲ ಓದಿ ಉಳಿಸಿದ) ಒಂದು ಎಕ್ಸ್‌ಪೋಶರ್ ಡಿಟೆಕ್ಟರ್‌ಗೆ ಸುಮಾರು 84 ಎಂಬಿ. ಏಳು ಪದರಗಳ ಕ್ಯಾಲ್ ಫೈಲ್ 117 ಎಂಬಿ. ಅನ್‌ಕ್ಯಾಲ್ ಇಟ್ಟುಕೊಂಡು ಕ್ಯಾಲ್ ಅಳಿಸಿದರೆ ಡಿಸ್ಕ್ ಉಳಿಯುತ್ತದೆ! ಕಷ್ಟ ಇರುವುದು ಮೆಮೊರಿಯಲ್ಲಿ. ಓದಿದ ಕೂಡಲೇ ಡೇಟಾ 4 ಬೈಟ್ ಆಗುತ್ತದೆ, ಜಿಗಿತ ಹುಡುಕುವ ಹೆಜ್ಜೆ ಅದರ ಹಲವು ಪ್ರತಿಗಳನ್ನು ಮಾಡಿಕೊಳ್ಳುತ್ತದೆ, ಹಲವು ಕೋರ್ ಬಳಸಿದರೆ ಪ್ರತಿ ಕೋರಿಗೂ ಅದರ ಪಾಲು. ಎಲ್ಲ ಕೋರ್ ಬಿಟ್ಟು ಓಡಿಸಿದ ಮೊದಲ ರಾತ್ರಿ ಯಂತ್ರ ಉಸಿರುಗಟ್ಟಿ ನಿಂತಿತು. ಒಂದು ಸಲಕ್ಕೆ ಒಂದು ಫೈಲ್ ಎಂದು ಮಾಡಿದ ಮೇಲೆ ನಿಧಾನವಾದರೂ ಮುಗಿಯಿತು.

ಮರುಸಂಸ್ಕರಣೆಯಲ್ಲೂ ಒಂದು ಗುಂಡಿ ಇತ್ತು. ಕಾಂಟೆಕ್ಸ್ಟನ್ನು ಗಟ್ಟಿಮಾಡಲು ಸಿಆರ್‌ಡಿಎಸ್_ಕಾಂಟೆಕ್ಸ್ಟ್ ಎಂಬ ಪರಿಸರ ಚರಾಂಶಕ್ಕೆ ಬೆಲೆ ಕೊಡಬೇಕು. ಅದೂ ಪೈಪ್‌ಲೈನ್ ಪ್ಯಾಕೇಜನ್ನು ಇಂಪೋರ್ಟ್ ಮಾಡುವ ಮೊದಲು. ನೋಟ್‌ಬುಕ್‌ನಲ್ಲಿ ಮೊದಲ ಕೋಶದಲ್ಲಿ ಇಂಪೋರ್ಟ್, ಮೂರನೇ ಕೋಶದಲ್ಲಿ ಕಾಂಟೆಕ್ಸ್ಟ್ ಇಟ್ಟಿದ್ದರು. ಪೈಪ್‌ಲೈನ್ ಅದನ್ನು ಗಮನಿಸದೆ ಆ ದಿನದ ಡೀಫಾಲ್ಟ್ ಬಳಸಿಕೊಂಡಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ಸಿಕ್ಕಿಬಿದ್ದದ್ದು ಅದೇ ನಾಲ್ಕು ಕೀವರ್ಡ್‌ಗಳ ಸ್ಕ್ರಿಪ್ಟನ್ನು ಅಭ್ಯಾಸಬಲದಿಂದ ಮತ್ತೆ ಓಡಿಸಿದ್ದರಿಂದ. ಆಮೇಲೆ ನೋಟ್‌ಬುಕ್ ಬಿಟ್ಟು, ಚರಾಂಶಗಳನ್ನು ಶೆಲ್ ಫೈಲ್‌ನಲ್ಲೇ ಇಟ್ಟು, ಪೈಪ್‌ಲೈನ್‌ನ ಆವೃತ್ತಿಯನ್ನೂ ಒಂದಕ್ಕೆ ಕಟ್ಟಿಹಾಕಿದರು.

ಏನಾಯಿತು

ಎಲ್ಲ ಫೈಲ್‌ಗಳೂ 0942ಕ್ಕೆ ಬಂದ ಮೇಲೆ, ಒಂದರ ಮೇಲೊಂದು ಬೀಳುವ ಪಟ್ಟಿಯಲ್ಲಿ ಎಫ್444ಡಬ್ಲ್ಯು ವ್ಯತ್ಯಾಸ ಕೆಲವೇ ಶೇಕಡಾಕ್ಕೆ ಇಳಿಯಿತು. ನಕ್ಷತ್ರಗಳ ನಡುಭಾಗ ತುಂಬಿಕೊಂಡಿತು. ಸ್ಕೈಮ್ಯಾಚ್ ಹಾಕದೆಯೂ ಮೆಟ್ಟಿಲು ಹೆಚ್ಚುಕಡಿಮೆ ಕಾಣದಾಯಿತು. ಆ ಹೆಜ್ಜೆಯನ್ನು ಈಗ ಅವರು ಎರಡು ಸಲ ಮಾಡುತ್ತಾರೆ: ಮೊದಲು ಅದಿಲ್ಲದೆ ಒಂದು ಮೊಸಾಯಿಕ್, ಕಣ್ಣಾರೆ ನೋಡಲು. ಆಮೇಲೆ ಅದರೊಂದಿಗೆ ಇನ್ನೊಂದು, ಬಳಸಲು.

ಪಟ್ಟಿಯಿಂದ ಎ ಕಡೆಯ ಹೆಚ್ಚಿನ ಗೆಲಾಕ್ಸಿಗಳು ಉದುರಿದವು. ಅವುಗಳ ನಿಜವಾದ ಬಣ್ಣ 1.32ರಿಂದ 1.5ರ ನಡುವೆ ಇತ್ತು, 0.18 ಸೇರಿ ಗಡಿ ದಾಟಿದ್ದವು. ಕಡಿಮೆ ಕೆಂಪಿನ ಗೆಲಾಕ್ಸಿಗಳು ಯಾವಾಗಲೂ ಹೆಚ್ಚು ಇರುವುದರಿಂದ, ಗಡಿಯಲ್ಲಿ ಸಣ್ಣ ಜಾರಾಟವೂ ದಂಡಿಯಾಗಿ ಒಳಗೆ ತರುತ್ತದೆ. ಉಳಿದವುಗಳ ದ್ರವ್ಯರಾಶಿಯ ಅಂದಾಜೂ ಇಳಿಯಿತು. ಅಳೆದ ಬೆಳಕಿಗೆ ಅನುಪಾತದಲ್ಲಿ ಶೇ. 15ರಷ್ಟು ನೇರ ಇಳಿಕೆ, ಬಣ್ಣ ಬದಲಾಗಿ ಗೆಲಾಕ್ಸಿಗಳ ಅಂದಾಜು ವಯಸ್ಸು ಕಡಿಮೆಯಾದದ್ದರಿಂದ ಇನ್ನಷ್ಟು. ಬರೆದಿಟ್ಟ ಕರಡನ್ನು ತಂಡ ಹಿಂದಕ್ಕೆ ತೆಗೆದುಕೊಂಡಿತು. ಯಾವ ಅಂಕಿಯೂ ಹೊರಗೆ ಹೋಗಿರಲಿಲ್ಲ ಎನ್ನುವುದು ಅದೃಷ್ಟ, ಎಚ್ಚರಿಕೆಯ ಫಲವೇನಲ್ಲ.

ಉಳಿದ ಕೆಲವು ಶೇಕಡಾವನ್ನು ಏನು ಮಾಡಬೇಕು ಎಂಬ ಚರ್ಚೆಯೂ ನಡೆಯಿತು. ತಾವೇ ಒಂದು ಗುಣಕ ಕಂಡುಕೊಂಡು ಹಾಕೋಣ ಎಂದು ಇಬ್ಬರು, ಬೇಡ ಎಂದು ಇಬ್ಬರು. ಕೊನೆಗೆ ಹಾಕಲಿಲ್ಲ, ದೋಷದ ಅಂದಾಜಿಗೆ ಸೇರಿಸಿದರು. ಅಕ್ಟೋಬರ್‌ನಲ್ಲಿ ಜೆಡಬ್ಲ್ಯುಎಸ್‌ಟಿ_0989.ಪಿಮ್ಯಾಪ್ ಬಂದು ಡಿಟೆಕ್ಟರ್‌ಗಳ ನಡುವಿನ ಹೊಂದಾಣಿಕೆ ಇನ್ನೂ ಸುಧಾರಿಸಿತು. ಸ್ವಂತ ಗುಣಕ ಹಾಕಿದ್ದರೆ ಅದನ್ನು ಆಗ ಕಿತ್ತುಹಾಕಬೇಕಿತ್ತು, ಕೀಳಲು ಯಾರಾದರೂ ಮರೆಯುತ್ತಿದ್ದರು.

ಹೊಸ ಕಾಂಟೆಕ್ಸ್ಟ್ ಬಂದಾಗ ಈಗ ಅವರು ಮಾಡುವ ಕ್ರಮ ಇದು. ಸಿಆರ್‌ಡಿಎಸ್ ಜೊತೆಗೇ ಬರುವ 'ಬೆಸ್ಟ್‌ರೆಫ್ಸ್' ಉಪಕರಣಕ್ಕೆ ಹಳೆಯ, ಹೊಸ ಎರಡೂ ಕಾಂಟೆಕ್ಸ್ಟ್ ಹೆಸರು ಮತ್ತು ತಮ್ಮ ಫೈಲ್‌ಗಳನ್ನು ಕೊಟ್ಟರೆ, ಯಾವ ಫೈಲ್‌ಗೆ ಯಾವ ಉಲ್ಲೇಖ ಬದಲಾಗುತ್ತದೆ ಎಂದು ಹೇಳುತ್ತದೆ. ಬದಲಾದದ್ದು ಫ್ಲ್ಯಾಟ್, ಫೋಟಾಮ್ ಮಾತ್ರವಾದರೆ ರೇಟ್ ಫೈಲ್‌ನಿಂದ ಶುರು. ಸೂಪರ್‌ಬಯಾಸ್, ಡಾರ್ಕ್, ಲೀನಿಯಾರಿಟಿಯಲ್ಲಿ ಒಂದು ಬದಲಾದರೂ ಅನ್‌ಕ್ಯಾಲ್‌ನಿಂದ. ಫೋಲ್ಡರ್‌ನ ಹೆಸರಿನಲ್ಲೇ ಕಾಂಟೆಕ್ಸ್ಟ್ ಸಂಖ್ಯೆ ಇರಬೇಕು. ಮೊಸಾಯಿಕ್ ಹೊಲಿಯುವ ಸ್ಕ್ರಿಪ್ಟ್ ಮೊದಲು ನಾಲ್ಕು ಕೀವರ್ಡ್ ಓದುತ್ತದೆ, ಒಂದಕ್ಕಿಂತ ಹೆಚ್ಚು ಕಾಂಟೆಕ್ಸ್ಟ್ ಕಂಡರೆ ಫೈಲ್ ಹೆಸರು ಹೇಳಿ ನಿಂತುಬಿಡುತ್ತದೆ.

0989ರ ಸುತ್ತಿನಲ್ಲಿ ಅದು ನಿಜವಾಗಿಯೂ ಒಮ್ಮೆ ನಿಂತಿತು. ಜುಲೈನ ಒಂದು ಎಫ್444ಡಬ್ಲ್ಯು ಕ್ಯಾಲ್ ಫೈಲ್ ಯಾವುದೋ ನಕಲಿನ ಜೊತೆ ಹೊಸ ಫೋಲ್ಡರಿಗೆ ನುಸುಳಿತ್ತು. ಅದನ್ನು ಅಳಿಸಲಿಲ್ಲ. ಬೇರೆ ಕಡೆ ಎತ್ತಿಟ್ಟಿದ್ದಾರೆ. ಸ್ಕ್ರಿಪ್ಟ್‌ನಲ್ಲಿ ಏನಾದರೂ ಬದಲಿಸಿದಾಗಲೆಲ್ಲ ಅದನ್ನು ಬೇಕೆಂದೇ ಒಳಗೆ ಹಾಕಿ, ಇನ್ನೂ ನಿಲ್ಲುತ್ತದೆಯೇ ಎಂದು ನೋಡುತ್ತಾರೆ.